ನಾಟಕದ ಓದು ಯಾರ ಮಕ್ಕಳಿಗೆ?

ಕೊಪ್ಪಳ ಜಿಲ್ಲೆಯ ದುಡಿಯುವ ಜನರ ಮುಂದೆ ಈ ವಾರ ನಾವೊಂದು ಪ್ರಶ್ನೆ ಇಡುತ್ತೇವೆ. ನಾಟಕವನ್ನು ವಿಶ್ವವಿದ್ಯಾಲಯದಲ್ಲಿ ಕಲಿಯುವುದು ಬೇಕೋ ಬೇಡವೋ? ಬೇಕೆಂದಾದರೆ ಅದು ಯಾರ ಮಕ್ಕಳಿಗೆ?

ಕೆಲವರು ನಗಬಹುದು. ಅಕ್ಕಿಯ ದರ, ಎಣ್ಣೆಯ ದರ, ಗುತ್ತಿಗೆ ಕೂಲಿ, ಕಾರಖಾನೆಯ ಹೊಗೆ, ಇವೆಲ್ಲ ಕಣ್ಣೆದುರಿಗಿರುವಾಗ ಇವರಿಗೆ ಬಣ್ಣ ಹಚ್ಚುವ ಮಾತೇಕೆ ಎನ್ನಬಹುದು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಒಬ್ಬ ಹಿರಿಯರು ನಮ್ಮನ್ನು ಹೀಗೇ ಕೇಳಿದರು: “ಮಾಸ್ತರ, ಮಗ ಪಿಯುಸಿ ಪಾಸಾಗ್ಯಾನ. ನಾಟಕ ಕಲೀತೀನಿ ಅಂತಾನ. ಅದಕ್ಕೂ ಕಾಲೇಜ ಐತೇನು? ಕಲ್ತ ಮ್ಯಾಲ ಹೊಟ್ಟಿಗೇನು?” ಇದು ಅವರೊಬ್ಬರ ಪ್ರಶ್ನೆಯಲ್ಲ. ಕುಷ್ಟಗಿಯ ಕಿರಾಣಿ ಅಂಗಡಿಯವರೂ ಯಲಬುರ್ಗಾದ ದರ್ಜಿಯೂ ಕೊಪ್ಪಳದ ಕಾರಖಾನೆಯ ಕಾರ್ಮಿಕರೂ ಕೇಳುವ ಪ್ರಶ್ನೆ. ಇದಕ್ಕೆ ನೇರ ಉತ್ತರ ಕೊಡುವುದು ನಮ್ಮ ಕರ್ತವ್ಯ. ಕಲೆ ದೊಡ್ಡದು, ಸಂಸ್ಕೃತಿ ದೊಡ್ಡದು ಎಂದು ಬಾಯಿಮಾತು ಆಡಿ ಜಾರಿಕೊಳ್ಳುವುದು ಸಲ್ಲದು.

ಮೊದಲು ನಮ್ಮ ನಾಡಿನ ಸ್ಥಿತಿ ನೋಡೋಣ. ಈ ತಾಲೂಕುಗಳಲ್ಲಿ ನಾಟಕವಿಲ್ಲದ ಊರು ಯಾವುದು? ಜಾತ್ರೆ ಬಂದರೆ ಊರ ಹುಡುಗರು ವಂತಿಗೆ ಎತ್ತುತ್ತಾರೆ. ಪೇಟಿ ಮಾಸ್ತರರನ್ನು ಕರೆತರುತ್ತಾರೆ. ಹಗಲೆಲ್ಲ ಹೊಲದಲ್ಲಿ, ಗಿರಣಿಯಲ್ಲಿ ದುಡಿದು ರಾತ್ರಿ ಗುಡಿಯ ಕಟ್ಟೆಯ ಮೇಲೆ ಮಾತು ಬಾಯಿಪಾಠ ಮಾಡುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ; ಸ್ತ್ರೀ ಪಾತ್ರಕ್ಕೆ ಕಲಾವಿದೆಯರು ಗದಗಿನಿಂದ, ಇಳಕಲ್ಲಿನಿಂದ ಬರುತ್ತಾರೆ. ಬೆಳಗಿನ ಜಾವದ ತನಕ ಜನ ಕೂತು ನೋಡುತ್ತಾರೆ. ಯಾವ ಸರಕಾರದ ಅನುದಾನವೂ ಇಲ್ಲದೆ, ಯಾವ ಸಾಹೇಬರ ಅಪ್ಪಣೆಯೂ ಇಲ್ಲದೆ, ಕೂಲಿಕಾರರು ತಮ್ಮ ಕಿಸೆಯ ದುಡ್ಡಿನಿಂದ ನಡೆಸುವ ಕಲೆ ಇದು. ಇದಲ್ಲದೆ ದೊಡ್ಡಾಟವಿದೆ, ಸಣ್ಣಾಟವಿದೆ, ಶ್ರೀಕೃಷ್ಣ ಪಾರಿಜಾತವಿದೆ. ಕುಕನೂರಿನ ರಹಿಮಾನವ್ವ ಕಲ್ಮನಿಯವರಂಥ ನಟಿಯನ್ನು ವೃತ್ತಿರಂಗಭೂಮಿಗೆ ಕೊಟ್ಟ ನೆಲ ಇದು. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಜೀವಮಾನವೆಲ್ಲ ತೊಗಲು ಗೊಂಬೆಗಳಿಂದ ರಾಮಾಯಣ, ಮಹಾಭಾರತ ಆಡಿಸಿದರು. ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಭಾರತ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

ಜಾತ್ರೆಯಲ್ಲಿ ನಾಟಕ ಕಂಪನಿ ಕ್ಯಾಂಪು ಹಾಕಿದರೆ ಬದುಕುವವರು ನಟರಷ್ಟೇ ಅಲ್ಲವೆಂಬುದು ನಮ್ಮ ವ್ಯಾಪಾರಿ ಬಂಧುಗಳಿಗೆ ಚೆನ್ನಾಗಿ ಗೊತ್ತಿದೆ. ಚಹಾದ ಅಂಗಡಿ, ಮಿರ್ಚಿ ಭಜಿಯ ಗಾಡಿ, ಖಾನಾವಳಿ, ಪಾನಪಟ್ಟಿ, ಶಾಮಿಯಾನದವರು, ಬೋರ್ಡು ಬರೆಯುವ ಪೇಂಟರು, ಹ್ಯಾಂಡ್‌ಬಿಲ್ಲು ಹಾಕುವ ಮುದ್ರಣಾಲಯ, ಇವರೆಲ್ಲರ ಒಲೆ ಉರಿಯುತ್ತದೆ. ಕೊಪ್ಪಳದ ಗವಿಮಠದ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ ವಿಚಿತ್ರವೊಂದನ್ನು ಗಮನಿಸಿರಿ. ನಾಟಕ ಆಡುವವರು ನಾವು, ನೋಡುವವರು ನಾವು, ದುಡ್ಡು ಕೊಡುವವರು ನಾವು. ಆದರೆ ನಾಟಕವನ್ನು ವಿದ್ಯೆಯೆಂದು ಕಲಿತು, ಪದವಿ ಪಡೆದು, ಆ ವಿದ್ಯೆಯಿಂದ ಪಗಾರ ಎಣಿಸುವವರು ಬಹುಪಾಲು ಬೇರೆಯವರು. ಈ ಅಂತರ ಹೇಗೆ ಬಂತು?

ಓದಿನ ಬಾಗಿಲು ನಮಗೆ ತೆರೆದದ್ದೇ ತಡವಾಗಿ. ಕೊಪ್ಪಳ, ಯಲಬುರ್ಗಾ ಸೀಮೆ ನಿಜಾಮನ ರಾಜ್ಯದೊಳಗೆ ಸಾಲಾರಜಂಗರ ಜಹಗೀರಾಗಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದಾಗ ಅಲ್ಲಿಯ ಪಾಠ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ನಮ್ಮ ಹಿರಿಯರು ಎರಡರ ನಡುವೆ ಮೂಕರಾದರು. ಆ ದಿನಗಳಲ್ಲಿ ಕನ್ನಡವನ್ನು ಗಟ್ಟಿಯಾಗಿ, ನಾಲ್ಕು ಜನರ ಮುಂದೆ, ತಲೆ ಎತ್ತಿ ಆಡಲು ಸಿಕ್ಕ ಸ್ಥಳಗಳಲ್ಲಿ ಬಯಲಾಟದ ಅಟ್ಟವೂ ಒಂದು. 1948ರ ಸೆಪ್ಟೆಂಬರ 17ಕ್ಕೆ ನಿಜಾಮನ ಆಳಿಕೆ ಮುಗಿಯಿತು. 1956ರ ನವೆಂಬರ 1ಕ್ಕೆ ನಾವು ಕನ್ನಡ ರಾಜ್ಯದಲ್ಲಿ ಸೇರಿದೆವು. ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಲೆಕ್ಕ ಹಾಕಿ ಕೊಟ್ಟಿತು. 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ 371(ಜೆ) ಕಲಮು ಬಂತು. ಅದರಂತೆ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ 70 ಸೀಟು ಇಲ್ಲಿಯ ಮಕ್ಕಳಿಗೆ ಮೀಸಲು. ಒಳ್ಳೆಯದೇ ಆಯಿತು. ಆದರೆ ಒಂದು ಓದಿಗೆ ಸೀಟೇ ಇಲ್ಲದಿದ್ದರೆ ಅದರಲ್ಲಿ ಶೇಕಡಾ 70 ಎಂದರೆ ಎಷ್ಟು? ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ಎಂಬುದನ್ನು ನಾವು ನಾಲ್ಕನೆಯ ಈಯತ್ತೆಯ ಮಕ್ಕಳಿಗೆ ಕಲಿಸುತ್ತಿದ್ದೆವು.

ಈಗ ಹೊರಗಿನ ಜಗತ್ತನ್ನು ನೋಡೋಣ. ನಾಟಕಕ್ಕೆ ವಿಶ್ವವಿದ್ಯಾಲಯದ ಮರ್ಯಾದೆ ಬೇರೆ ಕಡೆಯೂ ಬಹಳ ಹಳೆಯದಲ್ಲ. ಅಮೇರಿಕದ ಪಿಟ್ಸ್‌ಬರ್ಗ್ ಉಕ್ಕಿನ ಊರು. ಅಲ್ಲಿಯ ಕಾರ್ನೆಗಿ ವಿದ್ಯಾಲಯ 1914ರಲ್ಲಿ ನಾಟಕದ ಪದವಿ ಶಿಕ್ಷಣ ಆರಂಭಿಸಿತು. ಇಂಗ್ಲೆಂಡಿನಲ್ಲಿ ಮೊದಲ ನಾಟಕ ವಿಭಾಗ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ತೆರೆದದ್ದು 1947ರಲ್ಲಿ. ನಮ್ಮ ದೇಶದಲ್ಲಿ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ ಹುಟ್ಟಿತು. ಕರ್ನಾಟಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಕಲೆಗಳ ವಿಭಾಗವಿದೆ; ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ಬೆಂಗಳೂರು, ಮೈಸೂರು ಎಂದರೆ ನಮ್ಮ ಹಮಾಲರ ಮಗನಿಗೆ ರೈಲಿನ ತಿಕೀಟು, ಕೋಣೆಯ ಬಾಡಿಗೆ, ಎರಡು ಹೊತ್ತಿನ ಊಟ. ಫೀ ಮಾಫಿಯಾದರೂ ಊಟ ಮಾಫಿಯಾಗುವುದಿಲ್ಲ.

ಇನ್ನು ನಮ್ಮ ಜನರ ಆಕ್ಷೇಪಣೆಗಳಿಗೆ ಬರೋಣ. ಅವು ಮೂರು.

ಮೊದಲನೆಯದು: ಕಲೆ ರಕ್ತದಲ್ಲಿ ಬರಬೇಕು, ಅದಕ್ಕೆ ಶಾಲೆ ಏಕೆ? ಭೀಮವ್ವ ಯಾವ ಕಾಲೇಜಿಗೆ ಹೋಗಿದ್ದರು?

ಇದು ಕೇಳಲು ಇಂಪಾದ ಮಾತು, ಒಳಗೆ ವಿಷವಿದೆ. ಭೀಮವ್ವ ಕಾಲೇಜಿಗೆ ಹೋಗಲಿಲ್ಲ ನಿಜ. ಆದರೆ ಕಲಿಯದೆ ಬಂದ ವಿದ್ಯೆಯಲ್ಲ ಅದು. ಮನೆಯೇ ಶಾಲೆಯಾಗಿತ್ತು, ಹಿರಿಯರೇ ಮಾಸ್ತರರಾಗಿದ್ದರು. ಆ ಮನೆಯ ಶಾಲೆ ಈಗ ಮುಚ್ಚುತ್ತ ಬಂದಿದೆ. ಮಳೆ ಕೈಕೊಟ್ಟಾಗ ಕುಷ್ಟಗಿ, ಯಲಬುರ್ಗಾದ ಕುಟುಂಬಗಳು ಗಂಟುಮೂಟೆ ಕಟ್ಟಿ ಬೆಂಗಳೂರು, ಮಂಗಳೂರು, ಗೋವೆಗೆ ಗುಳೆ ಹೋಗುತ್ತವೆ. ಗುಳೆ ಹೋದ ಹುಡುಗನಿಗೆ ದೊಡ್ಡಾಟದ ಕುಣಿತವನ್ನು ಯಾರು ಕಲಿಸಬೇಕು? ಅಜ್ಜ ಊರಲ್ಲಿ, ಮೊಮ್ಮಗ ಸಿಮೆಂಟಿನ ಬುಟ್ಟಿಯ ಕೆಳಗೆ.

ಇನ್ನೊಂದು ಮಾತು. ಕಲೆ ರಕ್ತದಲ್ಲಿ ಬರಬೇಕೆನ್ನುವುದೂ ಕಸುಬು ಜಾತಿಯಲ್ಲಿ ಬರಬೇಕೆನ್ನುವುದೂ ಒಂದೇ. ಗೊಂಬೆಯಾಟ ಆ ಜಾತಿಗೆ, ಬಣ್ಣ ಹಚ್ಚುವುದು ಈ ಜಾತಿಯ ಹೆಂಗಸಿಗೆ, ಶಾಸ್ತ್ರ ಬರೆಯುವುದು ಮೇಲಿನವರಿಗೆ ಎಂದು ಹಂಚಿಟ್ಟವರು ಯಾರು? ರಂಗದ ಮೇಲೆ ಚಪ್ಪಾಳೆ ಹೊಡೆಸಿಕೊಂಡ ಕಲಾವಿದೆ ಮರುದಿನ ಬಾಡಿಗೆಗೆ ಮನೆ ಕೇಳಿದರೆ ಕದ ಮುಚ್ಚಿದವರು ಯಾರು? ನಾಟಕ ವಿದ್ಯೆಯಾಗಿ, ಅದಕ್ಕೆ ಪರೀಕ್ಷೆ, ಪ್ರಮಾಣಪತ್ರ, ನೌಕರಿ ಬಂದರೆ ಈ ಕದ ತೆರೆಯಲೇಬೇಕಾಗುತ್ತದೆ. ಗಿರಣಿ ಕಾರ್ಮಿಕನ ಮಗಳು ನಾಟಕದಲ್ಲಿ ಎಂ.ಎ. ಮಾಡಿ ಬಂದರೆ ಅವಳನ್ನು ಯಾವ ಊರ ಗೌಡನೂ ಹಗುರವಾಗಿ ಮಾತಾಡಿಸಲಾರ. ವಿಶ್ವವಿದ್ಯಾಲಯದಿಂದ ನಮಗೆ ಬೇಕಾದದ್ದು ಮೊದಲು ಈ ಮರ್ಯಾದೆ.

ಎರಡನೆಯ ಆಕ್ಷೇಪಣೆ: ಕಲಿತ ಮೇಲೆ ಹೊಟ್ಟೆಗೇನು?

ನಾಟಕ ಕಲಿತವನಿಗೆ ನೌಕರಿ ಖಾತ್ರಿಯೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವನು ಸುಳ್ಳುಗಾರ. ಆದರೆ ಬರೀ ಬಿ.ಎ. ಮಾಡಿದವರಿಗೆ ಯಾವ ಖಾತ್ರಿಯಿದೆ? ಪದವಿ ಪತ್ರವನ್ನು ಕಪಾಟಿನಲ್ಲಿಟ್ಟು ಗುತ್ತಿಗೆದಾರನ ಮುಂದೆ ನಿಂತ ಹುಡುಗರು ನಮ್ಮ ಓಣಿ ಓಣಿಗೂ ಇದ್ದಾರೆ. ನಾಟಕದ ಓದಿನಲ್ಲಿ ಒಂದು ಗುಣವಿದೆ. ಅದು ಪುಸ್ತಕದ ಓದೂ ಹೌದು, ಕೈಯ ಕಸುಬೂ ಹೌದು. ಮೈಕಿಲ್ಲದೆ ಹಿಂದಿನ ಸಾಲಿಗೆ ಕೇಳುವಂತೆ ಮಾತಾಡುವುದು, ಮೈ ಪಳಗಿಸುವುದು, ದೀಪ ಹಚ್ಚಿ ಕತ್ತಲೆ ಬೆಳಕು ಹಂಚುವುದು, ಮರ ಕೊಯ್ದು ರಂಗಸಜ್ಜಿಕೆ ಕಟ್ಟುವುದು, ಉಡುಪು ಹೊಲಿಯುವುದು, ಹಾಡು ಕೂಡಿಸುವುದು, ಹತ್ತಾರು ಜನರನ್ನು ಒಂದು ಕೆಲಸಕ್ಕೆ ಹಚ್ಚುವುದು, ಖರ್ಚಿನ ಲೆಕ್ಕ ಇಡುವುದು. ಐ.ಟಿ.ಐ.ಯಲ್ಲಿ ಫಿಟ್ಟರ್ ಕಲಿತ ಹುಡುಗನ ಕೈಗೆ ಒಂದು ಕಸುಬು ಬಂದರೆ ಇಲ್ಲಿ ಕಲಿತವನಿಗೆ ನಾಲ್ಕು ಬರುತ್ತವೆ. ಶಾಲೆ, ಆಕಾಶವಾಣಿ, ದೂರದರ್ಶನ, ಸಿನೆಮಾ, ಧ್ವನಿ ಬೆಳಕಿನ ಅಂಗಡಿ, ಎಲ್ಲಿಯಾದರೂ ಅವು ಉಪಯೋಗಕ್ಕೆ ಬರುತ್ತವೆ.

ಆದರೆ ನೌಕರಿಯ ಜವಾಬುದಾರಿ ಹುಡುಗನ ಮೇಲಷ್ಟೇ ಹೊರಿಸಿ ಸರಕಾರ ಕೈ ತೊಳೆಯುವಂತಿಲ್ಲ. ಸರಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದುಂಟು. ಅವರ ಸಂಖ್ಯೆ ರಾಜ್ಯದ ಶಾಲೆಗಳ ಎದುರಿಗೆ ಅನ್ನದ ತಪ್ಪಲೆಯಲ್ಲಿ ಒಂದು ಅಗುಳು. ಮಾಸ್ತರಿಕೆ ಮಾಡಿದ ನಾವು ಕಂಡದ್ದನ್ನು ಹೇಳುತ್ತೇವೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತು, ಹೆಸರು ಕೇಳಿದರೆ ನಡುಗುತ್ತಿದ್ದ ಕೂಲಿಕಾರರ ಮಗ, ವಾರ್ಷಿಕೋತ್ಸವದ ನಾಟಕದಲ್ಲಿ ದೂತನ ಪಾತ್ರ ಮಾಡಿದ ಮೇಲೆ ತಲೆ ಎತ್ತಿ ಓದತೊಡಗುತ್ತಾನೆ. ಲೆಕ್ಕವೂ ಅವನಿಗೆ ಬರತೊಡಗುತ್ತದೆ. ಮಾತಾಡಲು ಹೆದರುವವನು ಮುಂದೆ ಪಗಾರ ಕೇಳಲೂ ಹೆದರುತ್ತಾನೆ. ಮಾಲಕನ ಮುಂದೆ, ತಹಸೀಲದಾರರ ಮುಂದೆ, ಪೋಲೀಸ ಠಾಣೆಯಲ್ಲಿ ನಮ್ಮ ಜನ ಸೋಲುವುದು ನ್ಯಾಯ ಇಲ್ಲದ್ದರಿಂದಲ್ಲ, ಬಾಯಿ ಕಟ್ಟಿದ್ದರಿಂದ. ಬಾಯಿ ಬಿಚ್ಚಿಸುವ ವಿದ್ಯೆ ದುಡಿಯುವವರ ಮಕ್ಕಳಿಗಲ್ಲದೆ ಇನ್ನಾರಿಗೆ ಬೇಕು?

ಈ ವಿದ್ಯೆ ದುಡಿಯುವವರ ಕೈಗೆ ಬಂದಾಗ ಏನಾಗುತ್ತದೆಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇವೆ. ಬ್ರಾಜಿಲ್ ದೇಶದ ಅಗಸ್ತೊ ಬೋಲ್ ಅಮೇರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಾಟಕ ಓದಿದವನು. ತನ್ನ ದೇಶಕ್ಕೆ ಮರಳಿ ಬಡವರ ನಡುವೆ ನಾಟಕ ಕಟ್ಟಿದ. 1971ರಲ್ಲಿ ಸೇನೆಯ ಸರಕಾರ ಅವನನ್ನು ಹಿಡಿದು ಹಿಂಸಿಸಿತು, ಅವನು ದೇಶ ಬಿಡಬೇಕಾಯಿತು. ಅವನು ರೂಪಿಸಿದ ಪದ್ಧತಿಯಲ್ಲಿ, ಅನ್ಯಾಯದ ಪ್ರಸಂಗ ಬಂದಾಗ ನೋಡುವವನೇ ಆಟ ನಿಲ್ಲಿಸಿ ರಂಗಕ್ಕೆ ಹತ್ತಿ, ತಾನಾಗಿದ್ದರೆ ಏನು ಮಾಡುತ್ತಿದ್ದೆನೆಂದು ಆಡಿ ತೋರಿಸಬೇಕು. ದೇಶಕ್ಕೆ ಮರಳಿದ ಮೇಲೆ ಅವನು ರಿಯೋ ನಗರಸಭೆಯ ಸದಸ್ಯನಾಗಿ, 1993ರಿಂದ 1996ರ ತನಕ, ಓಣಿಯ ಜನರ ನಾಟಕಗಳಿಂದಲೇ ಕಾನೂನಿನ ಸಲಹೆ ಪಡೆದ. ಹತ್ತಕ್ಕೂ ಹೆಚ್ಚು ಕಾನೂನುಗಳು ಹಾಗೆ ಹುಟ್ಟಿದವು.

ಎರಡನೆಯದು ನಮ್ಮ ದೇಶದ್ದೇ. ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಹೇಳಿದ್ದ ಸಫ್ದರ ಹಾಶ್ಮಿ ಆ ಕೆಲಸ ಬಿಟ್ಟು ಕಾರ್ಮಿಕರ ಓಣಿಗಳಲ್ಲಿ ಬೀದಿ ನಾಟಕ ಆಡಿದರು. 1989ರ ಜನವರಿ 1ರಂದು ದಿಲ್ಲಿಯ ಹತ್ತಿರದ ಝಂಡಾಪುರದಲ್ಲಿ ಆಟ ನಡೆದಾಗ ಗೂಂಡಾಗಳು ಮೇಲೆ ಬಿದ್ದರು. ರಾಮ ಬಹಾದೂರ ಎಂಬ ಕಾರ್ಮಿಕ ಸತ್ತ. ಮರುದಿನ ಹಾಶ್ಮಿಯವರೂ ತೀರಿಕೊಂಡರು. ಜನವರಿ 4ರಂದು ಅವರ ಪತ್ನಿ ಮೊಲೊಯಶ್ರೀಯವರು ತಂಡದೊಂದಿಗೆ ಅದೇ ಜಾಗಕ್ಕೆ ಹೋಗಿ ಅರ್ಧಕ್ಕೆ ನಿಂತಿದ್ದ ನಾಟಕವನ್ನು ಪೂರ್ತಿ ಆಡಿದರು. ನಾಟಕ ಬರೀ ಮೋಜಾಗಿದ್ದರೆ ಅದನ್ನು ನಿಲ್ಲಿಸಲು ದೊಣ್ಣೆ ಹಿಡಿದು ಯಾರಾದರೂ ಬರುತ್ತಿದ್ದರೇ?

ಮೂರನೆಯ ಆಕ್ಷೇಪಣೆ ಹೆಚ್ಚು ತೂಕದ್ದು: ವಿಶ್ವವಿದ್ಯಾಲಯದ ಕೋಣೆಗೆ ಹೋದರೆ ಜನರ ನಾಟಕ ಸಾಯುತ್ತದೆ.

ಇದರಲ್ಲಿ ಸತ್ಯಾಂಶವಿದೆ. ಗ್ರೀಸಿನಿಂದ ಶುರುವಾಗಿ ಬೆಂಗಳೂರಿಗೆ ಮುಗಿಯುವ ಪಾಠಪಟ್ಟಿ ಹಾಕಿ, ನಡುವೆ ದೊಡ್ಡಾಟಕ್ಕೆ ಅರ್ಧ ಪುಟ ಕೊಟ್ಟರೆ, ನಮ್ಮ ಹುಡುಗ ಅಪ್ಪನ ಆಟವನ್ನು ಕಂಡು ನಾಚುವಂತಾಗಿ ಮರಳುತ್ತಾನೆ. ಅಪ್ಪನನ್ನು ಕಂಡು ನಾಚುವ ಮಗನನ್ನು ತಯಾರಿಸಲು ನಾವು ಕರ ಕೊಡುತ್ತಿಲ್ಲ. ಆದರೆ ಹೀಗಾಗಲೇಬೇಕೆಂದಿಲ್ಲ. ಬಿ.ವಿ. ಕಾರಂತರನ್ನು ನೋಡಿರಿ. ಹುಡುಗನಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ಗುಬ್ಬಿ ವೀರಣ್ಣನವರೇ ಅವರನ್ನು ಎಂ.ಎ. ಓದಲು ಕಾಶಿಗೆ ಕಳಿಸಿದರು. ಕಂಪನಿಯ ಮಾಲಕರಿಗೆ ಹೊಳೆದ ಈ ಮಾತು ನಮ್ಮ ಮಂತ್ರಿಗಳಿಗೆ ಏಕೆ ಹೊಳೆಯುವುದಿಲ್ಲ? ಮುಂದೆ ಕಾರಂತರು ದಿಲ್ಲಿಯ ನಾಟಕ ಶಾಲೆಯಲ್ಲಿ ಕಲಿತು, 1977ರಿಂದ 1981ರ ವರೆಗೆ ಅದೇ ಶಾಲೆಯ ನಿರ್ದೇಶಕರಾದರು. ಆಮೇಲೆ ಭೋಪಾಲದಲ್ಲಿ ಅಲ್ಲಿಯ ಜನರ ಆಡುಮಾತುಗಳಲ್ಲೇ ನಾಟಕ ಆಡಿಸಿದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಕಂಪನಿಯ ಹಾಡು ಅವರನ್ನು ಕೊನೆಯ ತನಕ ಬಿಡಲಿಲ್ಲ.

ಹೆಗ್ಗೋಡಿನ ನೀನಾಸಂ ಇನ್ನೊಂದು ಮಾದರಿ. ಮಲೆನಾಡಿನ ಒಂದು ಹಳ್ಳಿ. 1949ರಲ್ಲಿ ಅಲ್ಲಿಯ ಅಡಿಕೆ ಬೆಳೆಗಾರರ ಗೆಳೆಯರ ಕೂಟವಾಗಿ ಹುಟ್ಟಿದ ಸಂಘ. ಕೆ.ವಿ. ಸುಬ್ಬಣ್ಣನವರು ಮೈಸೂರಿನಲ್ಲಿ ಓದಿ ಪಟ್ಟಣದಲ್ಲಿ ನಿಲ್ಲದೆ ಊರಿಗೆ ಮರಳಿದರು. 1980ರಲ್ಲಿ ಅಲ್ಲಿ ನಾಟಕ ಶಾಲೆ ತೆರೆಯಿತು. 1985ರಿಂದ ತಿರುಗಾಟದ ತಂಡ ಊರೂರು ಸುತ್ತಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೆಗ್ಗೋಡಿಗೆ ಸಾಧ್ಯವಾದದ್ದು ಕೊಪ್ಪಳಕ್ಕೆ ಅಸಾಧ್ಯವೇ? ಹೆಗ್ಗೋಡಿನಲ್ಲಿ ಅಡಿಕೆಯ ತೋಟವಿತ್ತು, ನಮ್ಮಲ್ಲಿ ಅದಿಲ್ಲ. ಆದ್ದರಿಂದಲೇ ಇಲ್ಲಿ ಸರಕಾರದ ಬೊಕ್ಕಸ ಮುಂದೆ ಬರಬೇಕು.

ಈಗ ಕೆಲಸದ ಮಾತಿಗೆ ಬರೋಣ. ಹಿಂದೆ ನಮ್ಮ ಕಾಲೇಜುಗಳು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2023ರಲ್ಲಿ ಕುಕನೂರು ಹತ್ತಿರದ ತಳಕಲ್ಲಿನಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಶುರುವಾಯಿತು. ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರವರಿಯಲ್ಲಿ, ಹಣವಿಲ್ಲವೆಂಬ ಕಾರಣ ಮುಂದೆ ಮಾಡಿ, ಹೊಸ ಹತ್ತು ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಸಲಹೆ ಸಚಿವ ಸಂಪುಟದ ಉಪಸಮಿತಿಯಿಂದ ಬಂತು. ಕೊಪ್ಪಳವೂ ಆ ಪಟ್ಟಿಯಲ್ಲಿತ್ತು. ಮೊದಲು ಬೋರ್ಡು ಹಾಕಿ ಓಟು ಕೇಳುವವರು ಒಬ್ಬರು, ಆಮೇಲೆ ಬೋರ್ಡು ಕೀಳುತ್ತೇವೆಂದು ಲೆಕ್ಕ ತೋರಿಸುವವರು ಇನ್ನೊಬ್ಬರು. ಕೂಸಿಗೆ ಹಾಲು ಕೊಡದೆ, ಕೂಸು ಬೆಳೆಯಲಿಲ್ಲವೆಂದು ದೂರುವುದು ಯಾವ ನ್ಯಾಯ?

ವಿಶ್ವವಿದ್ಯಾಲಯ ಉಳಿಯಬೇಕಾದರೆ ಅದು ಈ ನೆಲಕ್ಕೆ ಬೇಕಾದ್ದನ್ನು ಕಲಿಸಬೇಕು. ಬೇರೆಡೆ ಸಿಗದ ವಿದ್ಯೆ ಇಲ್ಲಿ ಸಿಕ್ಕರೆ ಅದನ್ನು ಮುಚ್ಚುವ ಧೈರ್ಯ ಯಾರಿಗೂ ಬರಲಾರದು. ಆದ್ದರಿಂದ ನಮ್ಮ ಬೇಡಿಕೆಗಳು ಇವು.

ಒಂದು, ಕೊಪ್ಪಳ ವಿಶ್ವವಿದ್ಯಾಲಯದಲ್ಲಿ ನಾಟಕ ಮತ್ತು ಬಯಲಾಟದ ಪೂರ್ಣ ಪ್ರಮಾಣದ ವಿಭಾಗ ಬೇಕು. ಪದವಿಯ ಜೊತೆಗೆ, ದುಡಿಯುವವರು ಸಂಜೆ ಬಂದು ಕಲಿಯಬಹುದಾದ ಒಂದು ವರ್ಷದ ಪ್ರಮಾಣಪತ್ರದ ವರ್ಗ ಗಂಗಾವತಿಯಲ್ಲೂ ಕುಷ್ಟಗಿಯಲ್ಲೂ ನಡೆಯಬೇಕು.

ಎರಡು, ಅಲ್ಲಿ ಪಾಠ ಹೇಳುವವರಲ್ಲಿ ಅರ್ಧದಷ್ಟು ಜನ ಬಯಲಾಟದ, ಕಂಪನಿಯ, ಗೊಂಬೆಯಾಟದ ಹಿರಿಯ ಕಲಾವಿದರಿರಬೇಕು. ಅವರಿಗೆ ಪದವಿ ಕೇಳಬಾರದು. ಪಗಾರ ಮಾತ್ರ ಪದವಿಯವರಷ್ಟೇ ಕೊಡಬೇಕು. ವರ್ಷಕ್ಕೊಮ್ಮೆ ಶಾಲು ಹೊದಿಸಿ ಹಾರ ಹಾಕಿ ಬಸ್ಸಿಗೆ ಹತ್ತಿಸಿ ಕಳಿಸುವುದು ಗೌರವವಲ್ಲ, ಅದು ಅಗ್ಗದ ವ್ಯಾಪಾರ.

ಮೂರು, ಕೂಲಿಕಾರರ, ಗುಳೆ ಹೋಗುವವರ, ಸಣ್ಣ ವ್ಯಾಪಾರಿಗಳ ಮಕ್ಕಳಿಗೆ ಊಟ, ವಸತಿ, ತಿಂಗಳ ವಿದ್ಯಾರ್ಥಿವೇತನ ಸಿಗಬೇಕು. ಹುಡುಗಿಯರಿಗೆ ಪ್ರತ್ಯೇಕ ವಸತಿಗೃಹ ಬೇಕು. ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯ ದುಡ್ಡು ಬರೀ ಕಾಂಕ್ರೀಟಿಗೆ ಹೋಗಬೇಕೆಂಬ ನಿಯಮವೇನೂ ಇಲ್ಲ.

ನಾಲ್ಕು, ವಿದ್ಯಾರ್ಥಿಗಳ ಪರೀಕ್ಷೆ ಹಳ್ಳಿಯ ಬಯಲಿನಲ್ಲಿ, ಜನರ ಮುಂದೆ ನಡೆಯಬೇಕು. ಅಂಕ ಕೊಡುವವರ ಸಾಲಿನಲ್ಲಿ ಊರಿನ ಒಬ್ಬ ಪೇಟಿ ಮಾಸ್ತರರೂ ಕೂಡಬೇಕು.

ಐದು, ಜಿಲ್ಲೆಯ ಪ್ರತಿ ಸರಕಾರಿ ಪ್ರೌಢಶಾಲೆಗೆ ಒಬ್ಬ ನಾಟಕ ಶಿಕ್ಷಕರನ್ನು, ಗುತ್ತಿಗೆಯ ಮೇಲಲ್ಲ, ಖಾಯಂ ಆಗಿ ನೇಮಿಸಬೇಕು. ಹಮಾಲರ ಪ್ರಶ್ನೆಗೆ ಸರಕಾರ ಕೊಡಬೇಕಾದ ಉತ್ತರ ಇದೇ.

ಬಂಧುಗಳೇ, ಈ ಬೇಡಿಕೆಗಳು ಪತ್ರಿಕೆಯಲ್ಲಿ ಬಂದಕೂಡಲೇ ಯಾರೂ ತಂದು ನಮ್ಮ ಕೈಗೆ ಕೊಡುವುದಿಲ್ಲ. ಹಮಾಲರ ಸಂಘ, ಗಿರಣಿ ಕಾರ್ಮಿಕರ ಸಂಘ, ವರ್ತಕರ ಸಂಘ, ಊರೂರ ನಾಟ್ಯ ಸಂಘ, ಇವೆಲ್ಲ ತಮ್ಮ ಮುಂದಿನ ಸಭೆಯಲ್ಲಿ ಠರಾವು ಪಾಸು ಮಾಡಿ ಶಾಸಕರಿಗೂ ಕುಲಪತಿಗಳಿಗೂ ಕಳಿಸಬೇಕು. ಪ್ರತಿ ಠರಾವಿನ ನಕಲು ನಮ್ಮ ಕಚೇರಿಗೂ ಬರಲಿ, ಅಚ್ಚು ಮಾಡುತ್ತೇವೆ. ಮನೆಯಲ್ಲಿ ಮಗನೋ ಮಗಳೋ ನಾಟಕ ಕಲಿಯುತ್ತೇನೆಂದರೆ ಗದರಬೇಡಿರಿ. ಯಾವ ಶಾಲೆ, ಎಷ್ಟು ಖರ್ಚು, ಯಾವ ವಿದ್ಯಾರ್ಥಿವೇತನ ಎಂದು ಕೂತು ಲೆಕ್ಕ ಹಾಕಿರಿ. ಲೆಕ್ಕ ತಿಳಿಯದಿದ್ದರೆ ಸಂಜೆ ಆರರ ಮೇಲೆ ಪಕ್ಷದ ಕಚೇರಿಗೆ ಬನ್ನಿರಿ. ಅರ್ಜಿ ತುಂಬಿಕೊಡುವ ಕೆಲಸ ನಮ್ಮದು.